ಬಾತ್ ನಗರದಲ್ಲಿ ಒಂದು ದಿನ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾವು ದಂಪತಿಗಳು ಒಂದು ದಿನದ ಮಟ್ಟಿಗೆ ಬಾತ್ ನಗರವನ್ನು ಸಂದರ್ಶಿಸಿದೆವು. ಅಲ್ಲಿ 46 ಡಿಗ್ರಿ ಉಷ್ಣತೆಯ ನೀರು ಹಗಲಿರುಳೂ ನೆಲದಿಂದ ಉಕ್ಕುತ್ತದೆ. ರೋಮನ್ನರು ಕಟ್ಟಿಸಿದ ಸ್ನಾನಗೃಹವನ್ನು ಈಗ ನೋಡಬಹುದು, ಅಲ್ಲಿ ಮೀಯುವಂತಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದವು ಸಂಗ್ರಹಾಲಯದ ಸೀಸದ ತಗಡುಗಳು. ವಸ್ತು ಕಳೆದುಕೊಂಡವರು ಕಳ್ಳನಿಗೆ ಶಾಪ ಬರೆದು ಸುಲಿಸ್ ಮಿನರ್ವಾ ದೇವಿಯ ಬುಗ್ಗೆಗೆ ಎಸೆದಿದ್ದ ಇಂಥ ಸುಮಾರು 130 ತಗಡುಗಳು ದೊರೆತಿವೆ. ಎರಡು ಕೈಗವಸು ಕಳೆದುಕೊಂಡವನೊಬ್ಬ, ಕದ್ದವನ ಬುದ್ಧಿಯೂ ಕಣ್ಣೂ ಹೋಗಲೆಂದು ಬೇಡಿದ್ದಾನೆ! ನಾವು ನಕ್ಕೆವು. ಮರುಕ್ಷಣವೇ, ಎರಡು ಎಕರೆ ಹೊಲದ ಸಲುವಾಗಿ ಅಣ್ಣನವರೊಡನೆ ಎಂಟು ವರ್ಷ ಮಾತು ಬಿಟ್ಟಿದ್ದುದು ನೆನಪಾಗಿ ತಲೆ ತಗ್ಗಿಸಿದೆವು.

ಮರುದಿನ ಊರಿಗೆ ಫೋನ್ ಮಾಡಿದೆವು. ಅಣ್ಣನವರು ಕೇಳಿದ್ದು ಇಷ್ಟೇ: “ಆರಾಮ ಇದ್ದೀಯೇನೋ ತಮ್ಮಾ? ಊರಿಗೆ ಯಾವಾಗ ಬರ್ತಿ?”