ಅಕ್ಷತೆ

ಈ ಜನವರಿಯಲ್ಲಿ ನಮ್ಮ ಮದುವೆಗೆ 35 ವರ್ಷ ತುಂಬಿತು. ಮುಂಬಯಿಯಿಂದ ಗೋವೆಗೆ ಹೋಗುವ ಹಡಗಿನಲ್ಲಿ ನಮ್ಮಿಬ್ಬರನ್ನೂ ಕಳಿಸಬೇಕೆಂದು ಮಗನ ಆಸೆ. ಅಕ್ಕಲಕೋಟೆಯಲ್ಲಿ ಹುಟ್ಟಿದ ನನ್ನಾಕೆಗೆ ಸಮುದ್ರ ಬೇಡವಾಯಿತು. ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆ ಸಾಕೆಂದಳು.

ಅಲ್ಲಿ ಪ್ರತಿ ಸಂಕ್ರಾಂತಿಯ ಜಾತ್ರೆಗೆ ಒಂದು ಮದುವೆ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನು ಕುಂಬಾರರ ಹುಡುಗಿಯೊಬ್ಬಳು ವರಿಸಬಯಸಿದಳಂತೆ. ಆತ ಒಲ್ಲೆನೆಂದು ತನ್ನ ಯೋಗದಂಡವನ್ನು ಮದುವೆಯಾಗಲು ಒಪ್ಪಿಗೆ ಕೊಟ್ಟನಂತೆ. ಇಂದಿಗೂ ಏಳು ನಂದಿಧ್ವಜಗಳು ಸಮ್ಮತಿ ಕಟ್ಟೆಗೆ ಬರುತ್ತವೆ, ನೆರೆದವರೆಲ್ಲ ಅಕ್ಷತೆ ಹಾಕುತ್ತಾರೆ. ನಾವೂ ಹಾಕಿದೆವು.

"ಪಾಪ, ಆಕಿಗೆ ಸಿಕ್ಕಿದ್ದು ಕೋಲು, ನನಗ ನೀವು. ಭಾಳ ಫರಕಿಲ್ಲ ಬಿಡ್ರಿ," ಎಂದಳು ನನ್ನಾಕೆ.

ಸಿದ್ಧರಾಮನ ವಚನಗಳು ಕನ್ನಡದವು. ನಮ್ಮ ಸುತ್ತ ಕೇಳಿಸುತ್ತಿದ್ದುದು ಬಹುಪಾಲು ಮರಾಠಿ. ಒಳ್ಳೆಯ ಮರಾಠಿಯೇ, ಈಗ ನಮ್ಮ ಮನೆಯೊಳಗಿನದೂ ಅದೇ. ನಮ್ಮ ಲಗ್ನಪತ್ರಿಕೆ ಎರಡು ಭಾಷೆಗಳಲ್ಲಿ ಅಚ್ಚಾಗಿತ್ತು, ಮಗನದು ಒಂದರಲ್ಲೇ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುದಿನ ಸುಮಾರು 40 ಕಿಲೋಮೀಟರು ದೂರದ ಅಕ್ಕಲಕೋಟೆಗೆ ಹೋದೆವು. ಸ್ವಾಮಿ ಸಮರ್ಥರ ಗುಡಿಯ ಹೊರಗೆ ಹೂ ಮಾರುವ ಮುದುಕಿ ಕನ್ನಡದಲ್ಲಿ ಬೆಲೆ ಹೇಳಿದಳು. ಎಲ್ಲಿ ಹೋದರೂ ಚೌಕಾಸಿ ಮಾಡುವ ನನ್ನಾಕೆ ಅಲ್ಲಿ ಕೇಳಿದಷ್ಟು ಕೊಟ್ಟಳು. ಒಂದು ಮಾಲೆ ಸ್ವಾಮಿಗಳಿಗೆ, ಒಂದು ಮೊಳ ಮಲ್ಲಿಗೆ ಅವಳ ಮುಡಿಗೆ.