ಹದಿನೆಂಟಕ್ಕೂ ಇಪ್ಪತ್ತೊಂದಕ್ಕೂ ನಡುವೆ

ಪದವಿ ತರಗತಿಯ ಬೆಂಚಿನ ಮೇಲೆ ಕುಳಿತ ನಮ್ಮ ಪ್ರಾಯವೇ ಒಂದು ವಿಚಿತ್ರ. ಮತ ಹಾಕುವಾಗ ನಾವು ದೊಡ್ಡವರು. ಮನೆಯಲ್ಲಿ ಬಾಯಿ ತೆರೆದರೆ ಇನ್ನೂ ಹುಡುಗರು. ಮದ್ಯದ ವಿಷಯದಲ್ಲಂತೂ ಕಾನೂನಿಗೇ ಎರಡು ಮನಸ್ಸು. ಇಂದು ಕರ್ನಾಟಕ ಅಬಕಾರಿ ಅಧಿನಿಯಮವೆನಿಸಿರುವ 1965ರ ಕಾಯಿದೆ, 18 ತುಂಬದವರಿಗೆ ಮದ್ಯ ಮಾರಕೂಡದೆನ್ನುತ್ತದೆ. ಅದರ ಕೆಳಗೆ 1967ರಲ್ಲಿ ಬಂದ ಸನ್ನದು ನಿಯಮಗಳು 21 ತುಂಬಲೇಬೇಕೆನ್ನುತ್ತವೆ. 2023ರ ಜನವರಿಯಲ್ಲಿ ಎರಡನ್ನೂ 18ಕ್ಕೇ ಸರಿಹೊಂದಿಸುವ ಕರಡೊಂದು ಹೊರಟು, ಜನರ ಆಕ್ಷೇಪಣೆ ಎದ್ದೊಡನೆ ಹಿಂದೆ ಸರಿಯಿತು. ಈ ಎರಡು ಅಂಕೆಗಳ ನಡುವೆ ಉಳಿದಿರುವ ಮೂರು ವರ್ಷವೆಂದರೆ ನಮ್ಮ ಕಾಲೇಜಿನ ಮೂರು ವರ್ಷವೇ ಸರಿ.

ಆದರೆ ಕಾನೂನು ಕಾಯುವುದು ಅಂಗಡಿಯ ಕಟ್ಟೆಯನ್ನು. ನಾನು ಶ್ರೀನಿವಾಸಪುರದ ಕಡೆಯವನು. ಮಾವಿನ ಸುಗ್ಗಿಯಲ್ಲಿ ದಿನವಿಡೀ ಲಾರಿಗೆ ಹಣ್ಣು ಹೇರಿದವರು ಸಂಜೆ ಕೂಲಿ ಎಣಿಸಿಕೊಂಡು ಕೂರುತ್ತಾರೆ. ಅವರೊಡನೆ ಹದಿನೈದರ ಹುಡುಗನೂ ಇರುತ್ತಾನೆ. "ನೀನೂ ಗಂಡಸಾದೆ, ತಗೋ" ಎಂದು ಲೋಟ ನೀಡುವವನು ಅಂಗಡಿಯವನಲ್ಲ. ಸೋದರಮಾವನೋ ದೊಡ್ಡಪ್ಪನೋ ಆಗಿರುತ್ತಾನೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ, ವೈದ್ಯರ ಸೂಚನೆಯಿಲ್ಲದೆ 18ರೊಳಗಿನವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. ಪ್ರೀತಿಯಿಂದ ಕೊಟ್ಟೆನೆಂದರೆ ವಿನಾಯಿತಿಯಿಲ್ಲ. ಸೋದರಮಾವಂದಿರಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

"ನಮ್ಮಜ್ಜ ಕಳ್ಳು ಕುಡಿದೇ ಎಂಬತ್ತು ಬಾಳಿದ" ಎಂಬ ವಾದ ಮುಳಬಾಗಿಲಿನಿಂದ ಮಾಲೂರಿನವರೆಗೆ ಎಲ್ಲೆಡೆಯೂ ಕೇಳಿಬರುತ್ತದೆ. ಈಚಲ ಕಳ್ಳಿನಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ಇಂದಿನ ವಿಸ್ಕಿ ಬಾಟಲಿಯಲ್ಲಿ 42.8. ಅಜ್ಜನ ಲೆಕ್ಕ ಮೊಮ್ಮಗನಿಗೆ ಹೊಂದದು. ಯಕೃತ್ತು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸಿ, ಬಳಿಕ ಅದನ್ನು ನಿಧಾನವಾಗಿ ಕಳೆಯುತ್ತದೆ, ಅವಸರಪಡಿಸಿದರೆ ಕೇಳುವುದಿಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 1988ರಲ್ಲೇ ಸಾರಿತು. ಅದಲ್ಲದೆ ವಿವೇಚನೆ, ಸಂಯಮಗಳನ್ನು ನಡೆಸುವ ಮಿದುಳಿನ ಮುಂಭಾಗ ಬಲಿಯುವುದು ಸುಮಾರು 25ರ ಪ್ರಾಯಕ್ಕೆ. ಬೇಡವೆನ್ನುವ ಶಕ್ತಿಯೇ ಇನ್ನೂ ಬೆಳೆಯುತ್ತಿರುವಾಗ ಅದರ ಮೇಲೆಯೇ ಮದ್ಯ ಸುರಿಯುವುದು ಯಾವ ಜಾಣತನ?

ನಿಷೇಧವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆಗಳಲ್ಲೂ ನೆರೆಯ ಕೃಷ್ಣಗಿರಿಯಲ್ಲೂ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಸಾರಾಯಿಯಲ್ಲಿ ಬೆರೆಯುವ ಮಿಥೆನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಅಂಗಡಿ ಮುಚ್ಚಿದರೂ ಚಟ ಮುಚ್ಚಿರಲಿಲ್ಲ.

ನಮ್ಮ ಚಿಕ್ಕಪ್ಪ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ನಲವತ್ತೆರಡಕ್ಕೇ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮಗ, ಪಿ.ಯು.ಸಿ. ಓದುವ ಹುಡುಗ, "ಅಪ್ಪನಿಗೆ ಮೊದಲ ಲೋಟ ಕೊಟ್ಟವರು ಯಾರು?" ಎಂದು ಕೇಳಿದ. ಜಗುಲಿಯಲ್ಲಿದ್ದ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಯಾರೂ ಉತ್ತರಿಸಲಿಲ್ಲ. ಆ ಹುಡುಗ ಇಂದಿಗೂ ಮದುವೆಮನೆಗಳಲ್ಲಿ ಲೋಟ ಮುಟ್ಟುವುದಿಲ್ಲ, ಅದಕ್ಕಾಗಿ ನಗೆಪಾಟಲಾಗುತ್ತಾನೆ.

ಮಿತ್ರರೆ, ನಮ್ಮಿಂದ ಆಗಬೇಕಾದದ್ದು ಆ ನಗೆಯನ್ನು ನಿಲ್ಲಿಸುವುದು. ಹಾಸ್ಟೆಲಿನಲ್ಲಾಗಲಿ ಪ್ರವಾಸದಲ್ಲಾಗಲಿ ಬೇಡವೆಂದವನ ಪಕ್ಕದಲ್ಲಿ ಇನ್ನೊಬ್ಬ ನಿಂತರೆ ಅವನಿಗೆ ಧೈರ್ಯ. ಈಗಾಗಲೇ ಚಟಕ್ಕೆ ಬಿದ್ದವನನ್ನು ಹೀಯಾಳಿಸುವುದೂ ಬೇಡ. ಅದು ರೋಗ, ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯುಂಟು. ಇನ್ನು ಕೆಲವೇ ವರ್ಷಗಳಲ್ಲಿ ನಾವೂ ಸೋದರಮಾವಂದಿರಾಗುವೆವು. ಮಾವಿನ ಸುಗ್ಗಿಯ ಸಂಜೆ ಹದಿನೈದರ ಹುಡುಗನೊಬ್ಬ ನಮ್ಮ ಪಕ್ಕದಲ್ಲಿಯೂ ಬಂದು ಕೂರುತ್ತಾನೆ. ಅವನ ಕೈಗೆ ಒಂದು ರಸಪೂರಿ ಹಣ್ಣು ಕೊಟ್ಟರೆ ಸಾಕು.