ಎದುರಾಳಿಯ ಓಟು

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾನ್ಫರೆನ್ಸ್ ಅಂದ್ರೆ ನಮ್ಮ ಆಫೀಸಿನ ಮೀಟಿಂಗ್ ಅಲ್ಲ. ಪ್ರತಿವರ್ಷ ತಮ್ಮತಮ್ಮಲ್ಲೇ ಸೆಣಸುವ ಕಾಲೇಜುಗಳ ಗುಂಪು. ಸೀಸನ್ನಿನ ಕೊನೆಗೆ ಆ ಗುಂಪಿನ ಅತ್ಯುತ್ತಮ ಆಟಗಾರರ ‘ಆಲ್-ಕಾನ್ಫರೆನ್ಸ್’ ಪಟ್ಟಿ ಬರುತ್ತೆ. ನನಗೆ ಹಿಡಿಸಿದ್ದು ಓಟಿನ ನಿಯಮ. ಕೋಚ್‌ಗಳೇ ಆರಿಸುವ ಎಷ್ಟೋ ಕಡೆ, ಕೋಚ್ ತನ್ನ ಹುಡುಗರಿಗೆ ಓಟು ಹಾಕುವಂತಿಲ್ಲ. ಅಂದ್ರೆ ಸೋತವನೇ ಮೆಚ್ಚಬೇಕು! (ನಮ್ಮ ಅಪ್ರೈಸಲ್ಲಿಗೂ ಈ ನಿಯಮ ಬಂದ್ರೆ ಎಷ್ಟು ಜನ ಉಳೀತಾರೋ.)

ಬ್ಯಾಸ್ಕೆಟ್‌ಬಾಲಿನ ಸ್ಟೀಫನ್ ಕರಿಗೆ ದೊಡ್ಡ ಕಾನ್ಫರೆನ್ಸಿನ ಯಾವ ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಡೇವಿಡ್ಸನ್ ಎಂಬ ಪುಟ್ಟ ಕಾಲೇಜಿಗೆ ಸೇರಿದ. 2007, 2008, 2009, ಮೂರೂ ವರ್ಷ ಸದರ್ನ್ ಕಾನ್ಫರೆನ್ಸಿನ ಮೊದಲ ತಂಡದಲ್ಲಿ ಅವನ ಹೆಸರು.

ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಕಾಲಿಡದ ಕಾಲೇಜಲ್ಲಿ ಬಿಇ ಮುಗಿಸಿದ ಹಳ್ಳಿ ಹೈದ ನಾನು. ಅವನ ಎನ್‌ಬಿಎ ಟ್ರೋಫಿಗಳಿಗಿಂತ ನನಗೆ ಆ 2007ರ ಪಟ್ಟಿಯೇ ದೊಡ್ಡದು.